ಪೆಟ್ಟಿಗೆಗೆ ಒಗ್ಗದ ಕರುಗಳು

ಹಂಝಾಕ, ನಿಮ್ಮ ಮೇವಿನಲ್ಲಿ ದೋಷವಿರಲಿಲ್ಲ. ದೋಷ ನನ್ನದು. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಅಬುಧಾಬಿಯ ಹೊರಗಿನ ಆ ಮಾಂಸದ ದನಗಳ ಫಾರ್ಮಿನಲ್ಲಿ ನಾನು ಧಾರವಾಡದ ಕಡೆಯಿಂದ ಬಂದ ಪಶುವೈದ್ಯ, ನೀವು ಉಪ್ಪಿನಂಗಡಿಯಿಂದ ಬಂದ ಮೇವಿನ ಮೇಲ್ವಿಚಾರಕರು. ಖರ್ಜೂರದ ಬೀಜವನ್ನು ಪುಡಿ ಮಾಡಿ ಮೇವಿಗೆ ಬೆರೆಸಿದರೆ ಕರುಗಳು ಚೆನ್ನಾಗಿ ಮೈ ತುಂಬಿಕೊಳ್ಳುತ್ತವೆ ಎಂಬುದು ನಿಮ್ಮ ಯೋಚನೆ. ಪರೀಕ್ಷೆಯಲ್ಲಿ ಗೆದ್ದರೆ ನಿಮ್ಮ ಕರಾರು ಮುಂದುವರಿಯುತ್ತದೆ, ಇಲ್ಲದಿದ್ದರೆ ಖಲಾಸ್ ಎಂದರು ಮ್ಯಾನೇಜರ್. ಪರೀಕ್ಷೆಯ ಹೊಣೆ ನನಗೆ ಬಂತು.

ಬೆಳೆಯುವ ಕರು ತಿಂದದ್ದರಲ್ಲಿ ಒಂದು ಪಾಲು ಮಾಂಸವಾಗುತ್ತದೆ, ದೊಡ್ಡ ಪಾಲೊಂದು ಮೈಯೊಳಗೆ ಉರಿದು ಶಾಖವಾಗಿ ಹೋಗುತ್ತದೆ. ಎಷ್ಟು ಉರಿಯಿತು ಎಂಬುದನ್ನು ಅದು ಬಳಸಿದ ಆಮ್ಲಜನಕ ಹೇಳುತ್ತದೆ. ಅದಕ್ಕೆಂದೇ ಗಾಜಿನ ಕಿಟಕಿಯ ಆ ದೊಡ್ಡ ಪೆಟ್ಟಿಗೆ — ಕರುವನ್ನು ಒಳಗೆ ನಿಲ್ಲಿಸಿ, ಬಾಗಿಲು ಮುಚ್ಚಿ, ಒಳಹೋಗುವ ಹೊರಬರುವ ಗಾಳಿಯನ್ನು ಅಳೆಯುವುದು. ಆದರೆ ಮೊದಲು ಕರುವಿಗೆ ಪೆಟ್ಟಿಗೆ ಒಗ್ಗಬೇಕು. ದಿನವೂ ಸಂಜೆ ಬಾಗಿಲು ತೆರೆದಿಟ್ಟು ಒಳಗೇ ಮೇವು ಹಾಕಬೇಕು, ಪಕ್ಕದಲ್ಲಿ ನಿಲ್ಲಬೇಕು. ಹೆದರಿದ ಕರು ನಿಂತಲ್ಲೇ ನಿಂತಿದ್ದರೂ ಹೆಚ್ಚು ಆಮ್ಲಜನಕ ಬಳಸುತ್ತದೆ.

ಹೋಲಿಕೆಗೆಂದು ಇಟ್ಟಿದ್ದ ಹಳೆಯ ಮೇವಿನ ಕರುಗಳಿಗೆ ಇದೆಲ್ಲವನ್ನೂ ಮಾಡಿದೆ. ನಿಮ್ಮ ಮೇವು ತಿಂದ ಕರುಗಳ ಸರದಿ ಬರುವ ಹೊತ್ತಿಗೆ — ಹೇಳಲು ನಾಚಿಕೆಯಾಗುತ್ತದೆ — ನಗರದೊಳಗಿನ ಖಾಲಿದಿಯಾದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ರಾಜ್ಯೋತ್ಸವದ ನಾಟಕದ ತಾಲೀಮು ಶುರುವಾಗಿತ್ತು. ನನ್ನದು ರಾಜನ ಪಾತ್ರ! ಸಂಜೆಯ ಕಂಪನಿ ಬಸ್ಸು ತಪ್ಪಿದರೆ ತಾಲೀಮೂ ತಪ್ಪುತ್ತಿತ್ತು. ಒಂದು ಸಂಜೆ ಕರುಗಳನ್ನು ಬಿಟ್ಟು ಓಡಿದೆ, ಮರುದಿನವೂ ಓಡಿದೆ, ಆಮೇಲೆ ಅದೇ ರೂಢಿಯಾಯಿತು.

ಅಳೆಯುವ ದಿನ ಬೆಳಿಗ್ಗೆ ನೀವು ಪೆಟ್ಟಿಗೆಯ ಬಾಗಿಲ ಬಳಿ ನಿಂತು ಕೇಳಿದಿರಿ: “ಡಾಕ್ಟ್ರೇ, ನನ್ನ ಕರುಗಳಿಗೆ ಇದು ಅಭ್ಯಾಸ ಆಗಿದೆಯಲ್ಲ?”

“ಆಗೇದ್ರಿ ಹಂಝಾಕ, ನೀವ್ಯಾಕ ಚಿಂತಿ ಮಾಡ್ತೀರಿ,” ಎಂದೆ.

ನೀವು ನಂಬಿದಿರಿ. ಒಳಗೆ ಕರುಗಳು ಒಂದೊಂದೂ ಗೋಡೆಗೆ ಮೈ ಒತ್ತಿ ನಡುಗಿದವು — ಕಿಟಕಿಯಲ್ಲಿ ಕಣ್ಣಾರೆ ಕಂಡೆ. ನಿಲ್ಲಿಸಿ ಮತ್ತೆ ಅಳೆಯೋಣ ಎಂದರೆ ಸಾಕಿತ್ತು. ಆದರೆ ಹಾಗೆಂದರೆ, ಯಾಕೆ ಎಂದು ಕೇಳುತ್ತಿದ್ದರು... ಆಮ್ಲಜನಕದ ಬಳಕೆ ಹೆಚ್ಚು ಬಂತು. ಈ ಮೇವು ಮಾಂಸವಾಗದೆ ಉರಿದುಹೋಗುತ್ತದೆ ಎಂದು ಬರೆದುಕೊಟ್ಟೆ.

ಕರಾರು ಮುಗಿಯಿತೆಂಬ ಮಾತು ನಿಮ್ಮ ಕಿವಿಗೆ ಬಿದ್ದ ವಾರವೇ ನಾಟಕ. ಆದರೂ ನೀವು ಮನೆಮಂದಿಯೊಂದಿಗೆ ಬಂದಿರಿ, ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದಿರಿ. ನಿಮ್ಮ ಮಗಳು ಸಲ್ಮಾ ಓಡಿಬಂದು, “ಅಂಕಲ್, ಯು ವರ್ ಸೋ ಗುಡ್,” ಎಂದಳು. ತಲೆಯ ಮೇಲಿದ್ದ ರಟ್ಟಿನ ಕಿರೀಟವನ್ನು ತೆಗೆಯುವುದೂ ನನಗೆ ಮರೆತುಹೋಯಿತು.

ಮುಸಫ್ಫಾದ ನಿಮ್ಮ ಮನೆ ಖಾಲಿಯಾಯಿತು. ಹತ್ತನೆಯ ತರಗತಿಯ ನಡುವೆಯೇ ಸಲ್ಮಾ ತಾಯಿಯೊಂದಿಗೆ ಊರಿಗೆ ಹೋದಳು, ಆ ವರ್ಷ ಪರೀಕ್ಷೆ ಕಟ್ಟಲಾಗಲಿಲ್ಲ. ನೀವು ಜೆಬೆಲ್ ಅಲಿಯ ಗೋದಾಮಿನಲ್ಲಿ ಸಾಮಾನು ಹೊರುವ ಕೆಲಸ ಹಿಡಿದಿರಿ. ಪ್ರತಿ ಹಬ್ಬಕ್ಕೂ ನನ್ನ ಫೋನಿಗೆ ಎಲ್ಲರಿಗಿಂತ ಮೊದಲು ಬರುವ ಈದ್ ಮುಬಾರಕ್ ಸಂದೇಶ ನಿಮ್ಮದೇ. ಅದನ್ನು ನೋಡಿದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇಂದು ಬೆಳಿಗ್ಗೆ ಮ್ಯಾನೇಜರ್ ಮುಂದೆ ಎಲ್ಲವನ್ನೂ ಹೇಳಿದೆ. ನಿಮ್ಮ ಮೇವನ್ನು ಮತ್ತೆ ಪರೀಕ್ಷಿಸುತ್ತಾರಂತೆ — ಬೇರೆಯವರ ಕೈಯಲ್ಲಿ. ನನ್ನನ್ನು ಏನು ಮಾಡುತ್ತಾರೋ ತಿಳಿಯದು. ಏನು ಮಾಡಿದರೂ ಸಲ್ಮಾಳ ಆ ವರ್ಷ ಮರಳುವುದಿಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಈ ಶುಕ್ರವಾರ ಜೆಬೆಲ್ ಅಲಿಗೆ ಬರುತ್ತೇನೆ. ನೀವು ಬಾಗಿಲು ತೆರೆದರೆ, ಅಂದು ನೀವು ಕೇಳಿದ ಪ್ರಶ್ನೆಗೆ ನಿಮ್ಮೆದುರು ನಿಂತು ಉತ್ತರ ಕೊಡುತ್ತೇನೆ: “ಇಲ್ರಿ ಹಂಝಾಕ, ಆಗಿರ್ಲಿಲ್ಲ.”