ಕಣಕಾಲಿನ ಬಿಡಾರ

ಬೀದಿಯವರೆಲ್ಲ ಅವಳನ್ನು ಗುಂಡಿ ಅಕ್ಕ ಎನ್ನುತ್ತಿದ್ದರು. ಬಟ್ಟೆ ಯಾರೇ ಹೊಲಿದಿರಲಿ, ಕಿತ್ತುಹೋದ ಗುಂಡಿಯನ್ನು ಪುಕ್ಕಟೆ ಹಾಕಿಕೊಡುವುದು ಅವಳ ಹಳೆಯ ಚಾಳಿ. ಗಂಡ ತೀರಿಹೋದ ಮೇಲೂ ಅವನ ತಂಗಿ ಅವಳ ಜೊತೆಯಲ್ಲೇ ಉಳಿದಿದ್ದಳು. ಅತ್ತಿಗೆ ನಾದಿನಿಯರ ಜಗಳ ಅಕ್ಕಪಕ್ಕದವರಿಗೆಲ್ಲ ಬಿಟ್ಟಿ ಮನರಂಜನೆ.

ನರ ಉಬ್ಬಿದ ಅವಳ ಎಡಗಾಲಿಗೆ ಹೊಲಿಗೆಯಂತ್ರದ ಕಬ್ಬಿಣ ತರಚಿ, ಕಣಕಾಲಲ್ಲಿ ಗಾಯವಾಯಿತು. ಮಾತ್ರೆ ನುಂಗಿದಷ್ಟು ದಿನ ಸುಮ್ಮನಿದ್ದು, ನಿಲ್ಲಿಸಿದ ಕೂಡಲೇ ಮತ್ತೆ ಕೀವು. ವರ್ಷಗಳೇ ಉರುಳಿದವು. ವಾಸನೆಗೆ ನಾಚಿ ಅವಳು ಊಟದ ತಟ್ಟೆಯನ್ನು ಹಿತ್ತಲಿಗೆ ಒಯ್ದದ್ದನ್ನು ಕಂಡ ದಿನ ನಾದಿನಿಗೆ ತಡೆಯಲಾಗಲಿಲ್ಲ.

"ಒಬ್ಬಳೇ ಕೂತು ತಿನ್ನೋಕೆ ನಾನೇನು ಸತ್ತಿದೀನಾ? ನಡಿ ಆಸ್ಪತ್ರೆಗೆ."

ಡಾಕ್ಟರಮ್ಮ ಗಾಯದ ಒಂದಿಷ್ಟು ಲೋಳೆಯನ್ನು ಪರೀಕ್ಷೆಗೆ ಕಳಿಸಿ, ಮುಂದಿನ ಸಲ ಬಿಡಿಸಿ ಹೇಳಿದಳು: "ಎರಡು ಥರದ ಬ್ಯಾಕ್ಟೀರಿಯಾ ಇಲ್ಲಿ ಬಿಡಾರ ಹೂಡಿವೆ. ಒಂದಕ್ಕೊಂದು ಅಂಟಿಕೊಂಡು, ಲೋಳೆ ಹೊದ್ದುಕೊಂಡು ಕೂತಿವೆ. ತಾವೆಷ್ಟು ಜನ ಇದೀವಿ ಅಂತ ತಮ್ಮತಮ್ಮಲ್ಲೇ ಸುದ್ದಿ ಮುಟ್ಟಿಸ್ತವೆ. ಔಷಧಿನ ಒಂದು ಜಾತಿ ತಡೆದ್ರೆ, ಅದರ ಮರೇಲಿ ಇನ್ನೊಂದು ಬದುಕತ್ತೆ."

"ಎಲ್ಲಾವೂ ದುಡೀತಾವಾ?" ಎಂದಳು ಗುಂಡಿ ಅಕ್ಕ.

"ಎಲ್ಲಿ ಬಂತು! ಕೆಲವು ಆಹಾರ ಕರಗಿಸೋ ರಸ ಬಿಡ್ತವೆ, ಕೆಲವು ಕೂತು ತಿಂತವೆ. ಸೋಂಕು ಹಳೇದಾದಷ್ಟೂ ಇಂಥ ಸೋಮಾರಿಗಳು ಹೆಚ್ಚೋದೂ ಉಂಟು."

ಗುಂಡಿ ಅಕ್ಕ ಓರೆಗಣ್ಣಲ್ಲಿ ಪಕ್ಕಕ್ಕೆ ನೋಡಿದಳು.

"ನನ್ನನ್ಯಾಕೆ ನೋಡ್ತೀಯ?" ಎಂದು ನಾದಿನಿ ಸಿಡುಕಿದಳು. ಡಾಕ್ಟರಮ್ಮನಿಗೂ ನಗು ಬಂತು.

ಆ ಲೋಳೆಯನ್ನು ಕೆರೆದು ತೆಗೆದು, ಅವು ಮತ್ತೆ ಕೂಡಿಕೊಳ್ಳುವ ಮೊದಲೇ ಮದ್ದು ಹಾಕಿ, ಬಿಗಿಯಾಗಿ ಪಟ್ಟಿ ಸುತ್ತಬೇಕಿತ್ತು. ಕೆರೆಯುವಾಗ ಗುಂಡಿ ಅಕ್ಕ ಹಲ್ಲು ಕಚ್ಚಿಕೊಂಡು ನಾದಿನಿಯ ಕೈ ಹಿಡಿದಳು. ಬಿಟ್ಟಾಗ ಆ ಕೈಮೇಲೆ ಉಗುರಿನ ಗುರುತು ಮೂಡಿತ್ತು. ಮನೆಯಲ್ಲಿ ಪಟ್ಟಿ ಬದಲಿಸುವ ಕೆಲಸ ನಾದಿನಿಯದಾಯಿತು.

"ಮೂಗು ಮುಚ್ಕೊಳ್ಳೇ."

"ಇಷ್ಟು ವರ್ಷ ನಿನ್ನ ಬೈಗುಳನೇ ಸಹಿಸ್ಕೊಂಡಿದೀನಿ, ಇದ್ಯಾವ ಮಹಾ! ಕಾಲು ಅಲ್ಲಾಡಿಸ್ಬೇಡ."

ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು. ನಡುವೆ ಒಮ್ಮೆ ಕೀವು ತುಂಬಿದ್ದೂ ಉಂಟು. ಗುಂಡಿ ಅಕ್ಕ ಮತ್ತೆ ಮೊದಲಿನಿಂದ ಕೆರೆಸಿಕೊಂಡಳು. ಬೇಸಿಗೆ ಕಳೆಯುವ ಹೊತ್ತಿಗೆ ಗಾಯ ಮುಚ್ಚಿತ್ತು. ಡಾಕ್ಟರಮ್ಮ ಹೊಸ ಚರ್ಮವನ್ನು ಒತ್ತಿ ನೋಡಿ, "ಇನ್ನು ಬಿಗಿ ಕಾಲುಚೀಲ ಮಾತ್ರ ಮರೀಬೇಡಿ" ಎಂದಳು.

ಆಸ್ಪತ್ರೆಯಿಂದ ಹೊರಬಿದ್ದ ಗುಂಡಿ ಅಕ್ಕ ಗಾಳಿಯ ಹಾಗೆ ನಡೆದಳು. ಹಿಂದಿನಿಂದ ಕೂಗು ಬಂತು: "ಮೆಲ್ಲಗೆ ನಡಿ, ನನ್ನ ಕೈಲಾಗಲ್ಲ!"

ಅವಳು ತಿರುಗಿ ನೋಡಿದಳು. ನಾದಿನಿ ಏದುಸಿರು ಬಿಡುತ್ತ ಗೋಡೆ ಹಿಡಿದು ನಿಂತಿದ್ದಳು. ಇವಳಿಗೂ ವಯಸ್ಸಾಗಿದೆ ಎಂಬುದು ಗುಂಡಿ ಅಕ್ಕನಿಗೆ ಅದುವರೆಗೂ ಹೊಳೆದಿರಲಿಲ್ಲ. ಹಿಂದಕ್ಕೆ ಹೋಗಿ ತೋಳು ಹಿಡಿದು, ಅವಳ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿದಳು.