ತಲೆಕೆಳಗಾದ ಕೌಜುಗಗಳು

ರಾಯದುರ್ಗದ ಬಂಗಲೆಗೆ ಹೊಸದಾಗಿ ಬಂದ ದೊರೆ, ತನ್ನ ಮುತ್ತಾತನ ಮನೆಯ ಗೋಡೆಯಿಂದ ಬಿಚ್ಚಿಸಿದ ಓಕ್ ಮರದ ಕೆತ್ತನೆಯ ಹಲಗೆಗಳನ್ನು ಹಡಗಿನಲ್ಲಿ ಹೇರಿಕೊಂಡು ಬಂದಿದ್ದ. ಸಮುದ್ರ ದಾಟಿ ಬರುವವರು ಎಂಥೆಂಥದನ್ನೋ ತರುತ್ತಾರೆ. ಈ ಪುಣ್ಯಾತ್ಮ ತಂದದ್ದು ಸತ್ತ ಹಕ್ಕಿಗಳನ್ನು! ಬೇಟೆಯಾಡಿ, ಕಾಲಿಗೆ ಹುರಿ ಕಟ್ಟಿ, ತಲೆಕೆಳಗಾಗಿ ತೂಗುಹಾಕಿದ ಕೌಜುಗ, ಬಾತು, ನಮ್ಮ ಕಡೆ ಕಾಣದ ಉದ್ದ ಬಾಲದ ಕೋಳಿ. ಒಂದೊಂದು ಗರಿಯನ್ನೂ ಬಿಡದೆ ಕೆತ್ತಿದ್ದರಂತೆ. ನಮ್ಮ ಬಿಸಿಲಿಗೆ ಕೌಜುಗದ ಹಲಗೆ ಸೀಳಿತು. ಅಂಥದೇ ಇನ್ನೊಂದನ್ನು ತೇಗದಲ್ಲಿ ಮಾಡಿಕೊಡು ಎಂದು ನನ್ನ ಗಂಡನಿಗೆ ಹೇಳಿಕಳಿಸಿದರು. ಅವರು ದೇವರ ವಾಹನಗಳನ್ನು ಕೆತ್ತುವ ಆಚಾರಿ. ದೊರೆಗೆ ಇಲ್ಲ ಎನ್ನುವ ಎದೆ ಆಗ ಯಾರಿಗಿತ್ತು?

ನಾನಾಗ ಏಳು ತಿಂಗಳ ಬಸುರಿ. ಮೊದಲ ಎರಡು ನಿಂತಿರಲಿಲ್ಲ. ಬಸುರಿಯ ಗಂಡ ಹೆಣ ಹೊರಬಾರದು, ಹಾವು ಹೊಡೆಯಬಾರದು. ಸತ್ತದ್ದನ್ನು ಕೆತ್ತಬಹುದೋ ಬಾರದೋ ಯಾರೂ ಹೇಳಿರಲಿಲ್ಲ. ಅಂಥ ಕೆಲಸ ನಮ್ಮ ಮನೆಗೆ ಬಂದೇ ಇರಲಿಲ್ಲವಲ್ಲ.

"ಬ್ಯಾಡ್ರಿ, ನನಗ್ಯಾಕೋ ಹೆದರಿಕಿ ಆಗ್ತೈತಿ," ಎಂದೆ.

"ಕಟಿಗಿಗೆ ಜೀವ ಐತೇನ? ಸುಮ್ನಿರು," ಎಂದರು.

ಹೇಳಿದ್ದೊಂದು, ಮಾಡಿದ್ದೊಂದು. ಕೆಲಸ ಮುಗಿದ ದಿನ ಸ್ನಾನ ಮಾಡಿ, ದೀಪ ಹಚ್ಚಿ, ಕಾಯಿ ಒಡೆದು, ವಾಹನಕ್ಕೆ ಮಾಡುವಂತೆಯೇ ಕೊನೆಯಲ್ಲಿ ಸಣ್ಣ ಉಳಿಯಿಂದ ಕೌಜುಗಗಳ ಕಣ್ಣು ತೆರೆದರು. ಅವರ ಕೈಗೆ ಬೇರೆ ರೀತಿ ಗೊತ್ತೇ ಇರಲಿಲ್ಲ. ತಲೆಕೆಳಗೆ ತೂಗುತ್ತಿದ್ದರೂ ಹಕ್ಕಿಗಳೆರಡೂ ಜೀವ ಬಂದಂತೆ ಪಿಳಿಪಿಳಿ ನೋಡುತ್ತಿದ್ದವು. ನನಗೆ ಹೋದ ಜೀವ ಬಂದ ಹಾಗಾಯಿತು.

ಮಾರನೆಯ ದಿನ ಬಂಗಲೆಯ ಬಟ್ಲರ್ ಹಲಗೆಯನ್ನು ವಾಪಸು ಹೊರಿಸಿಕೊಂಡು ಬಂದ.

"ದೊರೆಗಳು ನಕ್ಕು ನಕ್ಕು ಸಾಕಾದ್ರು, ಆಚಾರ್ರೆ. ಸತ್ತ ಹಕ್ಕಿ ಕಣ್ಣು ಬಿಡ್ತೈತೇನ್ರಿ? ಮುಚ್ಚಿ ಕೊಡ್ರಿ."

"ತೆರೆದ ಕಣ್ಣು ಮುಚ್ತಾರೇನೋ! ಮನ್ಯಾಗ ಬಸುರಿ ಅದಾಳೋ!" ಎಂದು ಅತ್ತೆ ಎದೆ ಬಡಿದುಕೊಂಡರು. ಬಟ್ಲರ್ ಬಾಗಿಲಲ್ಲೇ ಕಾದು ನಿಂತಿದ್ದ. ಇವರು ಉಳಿ ಕೈಗೆತ್ತಿಕೊಂಡರು. ನಾನು ಒಳಗೆ ಹೋಗಿ ಕಿವಿ ಮುಚ್ಚಿಕೊಂಡು ಕೂತೆ.

ಆ ತಿಂಗಳೇ ನನಗೆ ಜ್ವರ ಬಂತು. ಊರಿಗೆಲ್ಲ ಬಂದಿದ್ದ ಜ್ವರವೇ. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಗಂಡುಕೂಸು, ಅಳಲೇ ಇಲ್ಲ. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಾಗ ಅತ್ತೆ ಮಗನ ಮುಖ ನೋಡಿ, "ನಿನ್ನ ಕೈಯಾರ ಕಣ್ಣು ಮುಚ್ಚಿದೆಲ್ಲೋ," ಎಂದರು. ಆ ಮುದುಕಿಯ ನಾಲಿಗೆಗೆ ಬೆಂಕಿ ಬೀಳ!

ಜ್ವರದಿಂದ ಹೋಯಿತು, ನಿಮ್ಮ ಕೈಯಿಂದಲ್ಲ ಎಂದು ನಾನು ಹೇಳಿದ್ದೇ ಹೇಳಿದ್ದು. ಕೇಳಿದರೆ ತಾನೆ? ಬಾಣಂತನ ಮುಗಿದ ಮೇಲೂ ಅವರು ಹೊರಗೆ ಜಗುಲಿಯ ಮೇಲೇ ಮಲಗುತ್ತಿದ್ದರು. ಒಂದು ಸಂಜೆ ನಾಚಿಕೆ ಬಿಟ್ಟು, "ಒಳಗ ಬರ್ರಿ," ಎಂದು ಕೈಹಿಡಿದು ಬೇಡಿಕೊಂಡೆ.

ಕೈ ಬಿಡಿಸಿಕೊಂಡು, "ಇನ್ನೊಂದನ್ನ ಕೊಲ್ಲಲೇನ?" ಎಂದರು.

ಸಾಯುವ ತನಕ ಅವರು ಒಳಗೆ ಬಂದು ಮಲಗಲಿಲ್ಲ. ಆಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ.