ಗೆರೆಯಲ್ಲಿ ಜಾಗವಿಲ್ಲದ ಹೆಸರು

ಹಿರಿಯೂರು ಬಸ್ ನಿಲ್ದಾಣದಲ್ಲಿ ಏಕಾಂತಪ್ಪನ ದನಿ ಕೇಳದವರಿರಲಿಲ್ಲ. ಮುಖ ನೋಡಿದವರು ಕಡಿಮೆ. ಮೂಲೆಯ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಹೊಸದುರ್ಗ, ಹೊಳಲ್ಕೆರೆ ಬಸ್ಸುಗಳನ್ನು ಕೂಗುತ್ತಲೇ ಅವನ ವಯಸ್ಸು ಸರಿಯಿತು. ಮದುವೆಯಾಗಲಿಲ್ಲ. ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಮೈ ಹೋಯಿತು, ಮಾತು ಹೋಯಿತು, ಕಣ್ಣುರೆಪ್ಪೆ ಮಾತ್ರ ಉಳಿಯಿತು.

ಗಂಡನಿಲ್ಲದ ಅಕ್ಕ ದ್ಯಾಮಮ್ಮ ಅವನ ಜೊತೆಗಿದ್ದಳು. "ನೀರು ಬೇಕೇನೋ? ನೋವೈತಾ?" ಒಂದು ಸಲ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಕೇಳುವುದೆಲ್ಲ ಮುಗಿದ ಮೇಲೆ ಅವಳು ಅಡುಗೆಮನೆಗೆ ಹೋಗುವಳು. ನೋಡಲು ಬಂದವರೂ ಅವನ ತಲೆಯ ಮೇಲಿಂದ ಅವಳ ಜೊತೆಗೇ ಮಾತಾಡಿ ಎದ್ದು ಹೋಗುತ್ತಿದ್ದರು.

ಪಕ್ಕದ ಮನೆಯ ರೇಣುಕಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ದೊಡ್ಡ ಫೈಲನ್ನು ಕುಗ್ಗಿಸುವ ಅರಿತ್ಮೆಟಿಕ್ ಕೋಡಿಂಗ್ ಪಾಠ ಮಾಡಿ ಬಂದ ದಿನ, ಅದನ್ನೇ ಏಕಾಂತಪ್ಪನ ಮಾತಿಗೂ ಬಳಸಬಹುದಲ್ಲ ಅನ್ನಿಸಿತು. ರಟ್ಟಿನ ಮೇಲೆ ಉದ್ದ ಗೆರೆ ಎಳೆದು, ಅದನ್ನು ತುಂಡು ತುಂಡಾಗಿ ನೀರು, ಊಟ, ನೋವು ಎಂಬ ಮಾತುಗಳಿಗೆ ಹಂಚಿದಳು.

"ನೋಡಣ್ಣ, ದಿನಾ ಬೇಕಾಗೋ ಮಾತಿಗೆ ಅಗಲ ಜಾಗ, ಅಪರೂಪದ್ದಕ್ಕೆ ಸಣ್ಣ ಜಾಗ. ನಾನು ಗೆರೆನ ಅರ್ಧ ಮಾಡಿ ಎಡಗಡೆನಾ ಅಂತ ಕೇಳ್ತೀನಿ. ಉಳಿದ ಅರ್ಧನ ಮತ್ತೆ ಅರ್ಧ ಮಾಡ್ತೀನಿ. ಉಳಿದ ತುಂಡು ಒಂದೇ ಮಾತಿನ ಜಾಗದೊಳಗೆ ಬಿತ್ತು ಅಂದ್ರೆ ಅದೇ ನಿನ್ನ ಮಾತು. ಅಗಲ ಇದ್ದದ್ದು ಬೇಗ ಸಿಗುತ್ತೆ."

'ನೀರು' ಒಂದೆರಡು ಪ್ರಶ್ನೆಗೇ ಸಿಕ್ಕಿತು. ದ್ಯಾಮಮ್ಮನಿಗೆ ಖುಷಿಯಾಯಿತು.

ಮರುದಿನ ಸಂಜೆ "ಎಡಗಡೆನಾ?" ಅಂದಾಗ ಎರಡು ಸಲ ರೆಪ್ಪೆ ಬಡಿದ. "ಹಂಗಾದ್ರೆ ಬಲಗಡೆ?" ಮತ್ತೆ ಎರಡು ಸಲ. ಕಣ್ಣಂಚಿನಿಂದ ನೀರಿಳಿಯಿತು.

"ತಲೆ ಕೆಟ್ಟೈತೆ ಇವನಿಗೆ," ಅಂದಳು ದ್ಯಾಮಮ್ಮ.

"ಇಲ್ಲ ದ್ಯಾಮಕ್ಕ. ಅಣ್ಣ ಹೇಳ್ಬೇಕಾದ್ದು ಈ ಗೆರೆ ಮೇಲೇ ಇಲ್ಲ." ಜಾಗವೇ ಕೊಡದ ಮಾತನ್ನು ಎಷ್ಟು ರೆಪ್ಪೆ ಬಡಿದರೂ ಹೇಳಲಾಗದು. ರೇಣುಕಾ ಗೆರೆಯ ತುದಿಯಲ್ಲಿ 'ಬೇರೆ' ಎಂದು ಒಂದಿಷ್ಟು ಜಾಗ ಬಿಟ್ಟು, ಅದರೊಳಗೆ ಅಕ್ಷರಗಳನ್ನು ಹಂಚಿದಳು. ಒಂದು ಅಕ್ಷರ ಸಿಕ್ಕ ಮೇಲೆ ಆ ತುಂಡನ್ನೇ ಹಿಗ್ಗಿಸಿ ಬರೆದುಕೊಂಡು, ಮುಂದಿನ ಅಕ್ಷರಕ್ಕೆ ಮತ್ತೆ ಹಂಚುವುದು.

ಮೊದಲು 'ಉ' ಬಂತು. ಆಮೇಲೆ 'ಚ್ಚ'.

"ಉಚ್ಚಂಗಮ್ಮ ತಾಯಿ!" ದ್ಯಾಮಮ್ಮ ಕೈಮುಗಿದಳು. "ಹರಕೆ ತೀರಿಸ್ಬೇಕು ಅಂತಾನೆ. ದುರ್ಗಕ್ಕೆ ಹೋಗಾಣ ಬಿಡೋ."

ಎರಡು ಸಲ ರೆಪ್ಪೆ. ರೇಣುಕಾ ಬಿಡದೆ ಕೇಳುತ್ತ ಹೋದಳು. ಹೆಸರೇನೋ ಉಚ್ಚಂಗಮ್ಮ ಎಂದೇ ಬಂತು. ಆಮೇಲೆ 'ಹೂ'.

ದೇವಿಯಲ್ಲ, ಆ ಹೆಸರಿನ ಹೂವಿನವಳು. ಹಾಗೊಬ್ಬಳು ಇದ್ದಾಳೆಂದು ಅಕ್ಕನಿಗೇ ಗೊತ್ತಿರಲಿಲ್ಲ. ರೇಣುಕಾ ನಿಲ್ದಾಣಕ್ಕೆ ಹೋಗಿ ವಿಚಾರಿಸಿದಳು. ಏಕಾಂತಪ್ಪನ ಕೋಣೆಯ ಕಿಟಕಿಯ ಕೆಳಗೆ ಹೂ ಮಾರುತ್ತಿದ್ದ ಉಚ್ಚಂಗಮ್ಮ ಮಂಡಿನೋವಿನಿಂದ ಕೂರಲಾಗದೆ, ಆದಿವಾಲದಲ್ಲಿ ಮಗಳ ಮನೆ ಸೇರಿದ್ದಳು. ಸುದ್ದಿ ತಲುಪಿದ ವಾರ ಬಂದಳು. ಮಂಚದ ಪಕ್ಕ ಕೂತು ಅವನನ್ನೇ ನೋಡಿ ಮಾತಾಡಿದಳು.

"ಏನ್ರಿ ಏಕಾಂತಪ್ಪಾರೆ, ನೀವು ರಜಾ ಹಾಕೀರಿ ಅಂದ್ಕಂಡಿದ್ದೆ. ಈಗ ಯಾವ್ದೋ ಮೆಷೀನು ಕೂಗ್ತೈತೆ ಅಲ್ಲಿ. ನಾವು ಕಿಟಕೀಲಿ ಒಂದು ಮಾತಾಡಿದ್ರೆ ತಾನೆ ಹೊತ್ತು ಹೋಗ್ತಿದ್ದದ್ದು."

ಒಮ್ಮೆ ರೆಪ್ಪೆ ಮುಚ್ಚಿದ. ಬಹಳ ಹೊತ್ತು ತೆರೆಯಲಿಲ್ಲ. ಸಂಜೆ ಬಸ್ಸಿಗೆ ಅವಳು ಹೊರಟಳು.

ಅಂದಿನಿಂದ ಅವನು ಆ ಹೆಸರನ್ನು ದಿನವೂ ಹೇಳತೊಡಗಿದ. ಹೆಚ್ಚು ಬರುವ ಮಾತಿಗೆ ಜಾಗ ಹೆಚ್ಚಿಸಬೇಕು. ರೇಣುಕಾ ಗೆರೆ ಅಳಿಸಿ ಅಳಿಸಿ ಬರೆದಳು. ಕೊನೆಗೆ ಗೆರೆಯ ಇಡೀ ಎಡಭಾಗ ಅದೊಂದೇ ಹೆಸರಿನದಾಯಿತು. "ಎಡಗಡೆನಾ?" ಅಂದರೆ ಸಾಕು, ಒಂದೇ ಸಲ ರೆಪ್ಪೆ ಬಡಿಯುತ್ತಾನೆ.

"ಮಂಡಿನೋವಂತೆ ಅಣ್ಣ. ಈ ವಾರ ಬರೋಕಾಗಲ್ಲವಂತೆ," ಅನ್ನುತ್ತಾಳೆ ರೇಣುಕಾ, ಮತ್ತು ಸ್ವಲ್ಪ ಹೊತ್ತು ಅಲ್ಲೇ ಕೂರುತ್ತಾಳೆ.